ಆರಿಕಾದಿಂದ ಲಾ ಪಾಜ್‌ಗೆ ಒಂದೇ ದಿನದಲ್ಲಿ ಬೈಕ್ ಓಡಿಸಬೇಡಿ

ಚಿಲಿಯ ಬಂದರು ಆರಿಕಾದಿಂದ ಬೊಲಿವಿಯಾದ ಲಾ ಪಾಜ್ ಐನೂರು ಕಿಲೋಮೀಟರ್ ಒಳಗೇ ಇದೆ. ಬೆಂಗಳೂರಿನಿಂದ ಬೆಳಗಾವಿಗೆ ಹೋದಷ್ಟು. ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿಯ ಊಟ ಲಾ ಪಾಜ್‌ನಲ್ಲಿ ಎಂದು 2018ರ ಜೂನ್‌ನಲ್ಲಿ ನಾನೂ ಲೆಕ್ಕ ಹಾಕಿದೆ. ದೂರವನ್ನು ಲೆಕ್ಕಕ್ಕೆ ಹಿಡಿದೆ, ಎತ್ತರವನ್ನು ಬಿಟ್ಟೆ.

ಆರಿಕಾ ಇರುವುದು ಕಡಲ ದಂಡೆಯಲ್ಲಿ. ಅಲ್ಲಿಂದ ಸುಮಾರು 200 ಕಿ.ಮೀ. ಆಗುವಷ್ಟರಲ್ಲಿ ಚುಂಗಾರಾ ಸರೋವರದ ಬಳಿ 4,500 ಮೀಟರ್ ಏರಿರುತ್ತೀರಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಎರಡನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಲಡಾಖ್ ಸುತ್ತಿ ಬಂದವನೆಂಬ ಜಂಬ ಬೇರೆ ನನಗಿತ್ತು. ಎತ್ತರಕ್ಕೆ ಮೈ ಒಗ್ಗಲೆಂದು ಲೇಹ್‌ನಲ್ಲಿ ಎರಡು ದಿನ ಕಂಬಳಿ ಹೊದ್ದು ಬಿದ್ದುಕೊಂಡ ಮೇಲೆ ತಾನೇ ಮುಂದಕ್ಕೆ ಹೋದದ್ದು, ಅದು ಮರೆತೇ ಹೋಗಿತ್ತು. ದಾರಿಯಲ್ಲಿ 3,500 ಮೀಟರ್ ಎತ್ತರದಲ್ಲಿ ಪುತ್ರೆ ಎಂಬ ಊರು ಸಿಗುತ್ತದೆ. ಅಲ್ಲಿ ತಂಗಬೇಕಿತ್ತು. ಚಹಾ ಕುಡಿಯಲೂ ನಿಲ್ಲಲಿಲ್ಲ.

ಮೊದಲು ಸುಸ್ತಾದದ್ದು ಬೈಕ್. ಸಾಂಟಿಯಾಗೋದಲ್ಲಿ ಬಾಡಿಗೆಗೆ ಪಡೆದ 250 ಸಿಸಿ ಗಾಡಿ ಮೂರನೇ ಗೇರ್‌ನಲ್ಲಿ ಏದುಸಿರು ಬಿಡುತ್ತಿತ್ತು. ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಲ ಮಟ್ಟಕ್ಕಿಂತ ಶೇ. 40ರಷ್ಟು ಕಡಿಮೆ ಇರುವ ಕಡೆ ಎಂಜಿನ್ ಒದ್ದಾಡುವುದು ಸಹಜ. ಅದೇ ಗಾಳಿಯನ್ನು ನಾನೂ ಉಸಿರಾಡುತ್ತಿದ್ದೇನೆ ಎಂಬುದು ಮಾತ್ರ ಹೊಳೆಯಲಿಲ್ಲ. ಪಾರಿನಾಕೋಟಾ ಜ್ವಾಲಾಮುಖಿಯ ಫೋಟೋ ತೆಗೆಯುವಾಗ ಬೆರಳು ನಡುಗಿತು, ಚಳಿ ಎಂದುಕೊಂಡೆ.

ಗಡಿಯಲ್ಲಿ ಲಾರಿಗಳ ಸಾಲು, ಗಾಡಿಯ ತಾತ್ಕಾಲಿಕ ಪ್ರವೇಶ ಪತ್ರ, ಮೊಹರಿನ ಮೇಲೆ ಮೊಹರು: ಎರಡೂವರೆ ಗಂಟೆ. ಮುಂದೆ ಪಟಕಮಾಯಾ ಮುಟ್ಟುವ ಹೊತ್ತಿಗೆ ಟ್ಯಾಂಕ್ ತಳ ಕಂಡಿತ್ತು. ಮೊದಲ ಬಂಕ್‌ನಲ್ಲಿ ಚಿಲಿಯ ನಂಬರ್ ಪ್ಲೇಟ್ ನೋಡಿ ತಲೆಯಾಡಿಸಿದರು, ಎರಡನೆಯದರಲ್ಲೂ ಅಷ್ಟೇ. ಬೊಲಿವಿಯಾ ಸರಕಾರ ಆಗ ತನ್ನ ವಾಹನಗಳಿಗೆ ಲೀಟರಿಗೆ 3.74 ಬೊಲಿವಿಯಾನೋ ದರದಲ್ಲಿ ಸಬ್ಸಿಡಿ ಪೆಟ್ರೋಲ್ ಕೊಡುತ್ತಿತ್ತು. ಹೊರಗಿನ ವಾಹನಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು. ಆ ದರಕ್ಕೆ ಬೇರೆಯೇ ರಸೀದಿ ಬೇಕಿತ್ತು. ಆ ತಲೆನೋವು ಬೇಡವೆಂದು ಬಂಕ್‌ನವರು ‘ಇಲ್ಲ’ ಎಂದುಬಿಡುತ್ತಿದ್ದರು. ಮೂರನೆಯ ಕಡೆ ಗೋಗರೆದು, ಕಾದು, ದುಪ್ಪಟ್ಟಿಗೂ ಮೀರಿದ ದರ ತೆತ್ತು ಹೊರಡುವಷ್ಟರಲ್ಲಿ ಕತ್ತಲಾಯಿತು. ಜೂನ್ ಎಂದರೆ ಅಲ್ಲಿ ಚಳಿಗಾಲ, ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ.

ಲಾ ಪಾಜ್‌ಗೆ ಇಳಿಯುವ ಮೊದಲು, 4,000 ಮೀಟರಿಗೂ ಮೇಲಿರುವ ಎಲ್ ಆಲ್ಟೋ ನಗರವನ್ನು ಹಾಯಬೇಕು. ಅಲ್ಲಿನ ಸೇಹಾ ವೃತ್ತದಲ್ಲಿ ಮಿನಿಬಸ್‌ಗಳು ಕುರಿಮಂದೆಯಂತೆ ನುಗ್ಗುತ್ತವೆ. ಎಡ ಯಾವುದು, ಬಲ ಯಾವುದು ಎಂದು ನನಗೆ ತಿಳಿಯದೇ ಹೋಯಿತು. ಇದು ಅಲಂಕಾರದ ಮಾತಲ್ಲ. ನಿಂತಿದ್ದ ಬೈಕ್ ಕಾಲ ಮೇಲೆ ಉರುಳಿತು, ಕ್ಲಚ್ ಲಿವರ್ ಮುರಿಯಿತು. ರಸ್ತೆ ಬದಿ ರೊಟ್ಟಿ ಮಾರುತ್ತಿದ್ದ ಇಬ್ಬರು ಹೆಂಗಸರು ಗಾಡಿ ಎತ್ತಿಕೊಟ್ಟರು. ಉಳಿದ ದಾರಿ ಟ್ಯಾಕ್ಸಿಯಲ್ಲಿ, ಬೈಕ್ ಒಬ್ಬರ ಗ್ಯಾರೇಜಿನಲ್ಲಿ.

ರಾತ್ರಿಯಿಡೀ ವಾಂತಿ, ತಲೆಯೊಳಗೆ ಒನಕೆ ಕುಟ್ಟಿದಂತೆ ನೋವು. ವಸತಿಗೃಹದ ಅಜ್ಜಿ ಕೋಕಾ ಎಲೆಯ ಕಷಾಯ ಕೊಟ್ಟರು, ಹಿತವಾಯಿತು, ಗುಣವಾಗಲಿಲ್ಲ. ಬೆಳಿಗ್ಗೆ ಎರಡು ನೋವಿನ ಮಾತ್ರೆ ನುಂಗಿ ಮತ್ತೊಂದು ಜಾಣತನ ತೋರಿಸಹೊರಟೆ: ಎತ್ತರದಿಂದಲೇ ಕಾಯಿಲೆ ತಾನೇ, ಬಸ್ ಹಿಡಿದು ತಗ್ಗಿನ ಕೊರೊಯಿಕೋಗೆ ಇಳಿದುಬಿಡೋಣ ಎಂದು. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಕೊರೊಯಿಕೋಗೆ ಇಳಿಯಬೇಕಾದರೆ ಮೊದಲು 4,600 ಮೀಟರ್ ದಾಟಿದ ಲಾ ಕುಂಬ್ರೆ ಕಣಿವೆದಾರಿ ಏರಬೇಕು. ಮಾತ್ರೆಯಿಂದ ತಲೆನೋವು ಅಡಗಿತ್ತೇ ಹೊರತು ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಹೆಜ್ಜೆ ತಪ್ಪುವುದು ಮಿದುಳು ಊದಿಕೊಳ್ಳುತ್ತಿರುವುದರ ಲಕ್ಷಣ ಎಂದು ಕ್ಲಿನಿಕ್‌ನ ವೈದ್ಯೆ ಆಮೇಲೆ ಬೈದು ಹೇಳಿದರು. ಕುಳಿತಲ್ಲೇ ಏದುಸಿರು ಬಂದರೆ, ನೊರೆ ಕೆಮ್ಮು ಬಂದರೆ ಅದು ಶ್ವಾಸಕೋಶದ ಸರದಿ. ಎರಡಕ್ಕೂ ತಕ್ಷಣ ಆಮ್ಲಜನಕ ಕೊಟ್ಟು ಕೆಳಕ್ಕೆ ಇಳಿಸಬೇಕು, ಕಾದು ನೋಡುವ ಹಾಗಿಲ್ಲ.

ಆರು ಗಂಟೆ ಮೂಗಿಗೆ ಕೊಳವೆ. ಬಳಿಕ ಅದೇ ಊರಿನ ತಗ್ಗು ಭಾಗವಾದ ಸೋನಾ ಸೂರ್‌ಗೆ ಕಳುಹಿಸಿದರು. ನಮ್ಮಲ್ಲಿ ಸಿರಿವಂತರು ಗುಡ್ಡದ ಮೇಲೆ ಬಂಗಲೆ ಕಟ್ಟಿದರೆ, ಲಾ ಪಾಜ್‌ನಲ್ಲಿ ಅವರು ಇರುವುದು ಕೆಳಗೆ. ಬೆಚ್ಚಗೆ, ಉಸಿರಾಟ ಸಲೀಸು. ನಾನೂ ಮೂರು ರಾತ್ರಿ ಅವರ ನೆರೆಯವನಾದೆ. 2014ರಲ್ಲಿ ಶುರುವಾದ ಕೇಬಲ್ ಕಾರಿನ ಹಸಿರು ಮಾರ್ಗ ಅಲ್ಲಿಗೇ ಹೋಗುತ್ತದೆ.

ಈ ದಾರಿಯಲ್ಲೇ ಹೋಗುವವರು ಪುತ್ರೆಯಲ್ಲಿ ಎರಡು ರಾತ್ರಿ ಕಳೆಯಿರಿ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಆರಿಕಾದಲ್ಲೇ ಟ್ಯಾಂಕ್ ತುಂಬಿಸಿ. 2023ರಿಂದೀಚೆಗೆ ಡಾಲರ್ ಕೊರತೆಯಿಂದ ಬೊಲಿವಿಯಾದ ಬಂಕ್‌ಗಳ ಮುಂದೆ ಉದ್ದುದ್ದ ಸಾಲುಗಳೂ ಬೆಳೆದಿದ್ದವು. ಎಲ್ ಆಲ್ಟೋವನ್ನು ಹಗಲಲ್ಲೇ ದಾಟಿ. ಲಾ ಪಾಜ್‌ನ ಇಳಿಜಾರು ಬೀದಿಗಳಲ್ಲಿ ಬೈಕ್ ನಿಲ್ಲಿಸುವಾಗ ಮೊದಲನೇ ಗೇರ್‌ನಲ್ಲಿಡಿ. ನಾನು ಇಡಲಿಲ್ಲ. ಹೊಸ ಕ್ಲಚ್ ಲಿವರ್ ಹಾಕಿಸಿದ ದಿನವೇ ಸ್ಟ್ಯಾಂಡ್ ಜಾರಿ ಗಾಡಿ ಮತ್ತೆ ಮಲಗಿತು.