ಮೂರು ವರ್ಷ ಬಾಡಿಗೆ ಸ್ಕೂಟರ್ ಓಡಿಸಿದೆ: ಗಾಡಿ ಚೆನ್ನಾಗಿದೆ, ಕಾಲುವೆ ಆಚೆ ಹೋಗಲ್ಲ

ಬೆಂಗಳೂರಿನ ಜಯನಗರ ಮೆಟ್ರೋ ಇಳಿದು ಆಫೀಸಿಗೆ ನಾನು ಮೂರು ವರ್ಷದಿಂದ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರಿನಲ್ಲೇ ಹೋಗುತ್ತಿದ್ದೇನೆ. ಗಂಟೆಗೆ 25 ಕಿ.ಮೀ. ದಾಟದ ಗಾಡಿ, ಹಾಗಾಗಿ ಲೈಸೆನ್ಸ್ ಬೇಡ. ನನ್ನ ಹತ್ತಿರ ಲೈಸೆನ್ಸೂ ಇಲ್ಲ, ಸ್ವಂತ ಗಾಡಿ ಕೊಳ್ಳುವಷ್ಟು ದುಡ್ಡೂ ಇಲ್ಲ. ಆಟೋದವರ ಜೊತೆ ದಿನಾ ಚೌಕಾಸಿ ಮಾಡುವುದು ತಪ್ಪಿತು, ಅದೇ ದೊಡ್ಡದು.

ಬೆಳಗ್ಗೆ ಸಾಲಾಗಿ ನಿಂತ ಗಾಡಿಗಳ ಬ್ರೇಕ್ ಒಂದೊಂದಾಗಿ ಒತ್ತಿ ನೋಡುತ್ತೇನೆ. ಗಟ್ಟಿ ಇರುವುದನ್ನು ಆರಿಸಿ, ಸೀಟಿನ ಇಬ್ಬನಿ ಕರ್ಚೀಫಿನಲ್ಲಿ ಒರೆಸಿ, ಊಟದ ಡಬ್ಬಿಯನ್ನು ಮುಂದಿನ ಬುಟ್ಟಿಯಲ್ಲಿಟ್ಟು, ಫೋನಿನ ಆ್ಯಪಿನಿಂದ ಗಾಡಿಯ ಕೋಡ್ ಸ್ಕ್ಯಾನ್ ಮಾಡುತ್ತೇನೆ. ಮರಗಳ ನೆರಳಿನ ಆ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ಹೊಂಗೆ ಹೂ ಬಿಟ್ಟಾಗಂತೂ ಬುಟ್ಟಿ ತುಂಬಾ ಹೂವು.

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಕಸ ಗುಡಿಸಿ ಒರೆಸುವ ಅಕ್ಕನಿಗೆ ಹುಷಾರಿರಲಿಲ್ಲ. ನೋಡಿ ಬರೋಣ ಅಂತ ಸ್ಕೂಟರ್ ಹತ್ತಿದೆ. ರಾಜಕಾಲುವೆಯ ಸೇತುವೆ ಮೇಲೆ ಗಾಡಿ ಬೀಪ್ ಬೀಪ್ ಅಂತ ಶುರು ಮಾಡಿತು. ಆ್ಯಪಿನ ಮ್ಯಾಪಿನಲ್ಲಿ ಕೆಂಪು ಗೆರೆ, ಬಾಡಿಗೆ ಗಾಡಿ ಅಲ್ಲಿಯವರೆಗೆ ಮಾತ್ರ. ಅದರಾಚೆ ಒಂದೂ ಸ್ಟ್ಯಾಂಡ್ ಇಲ್ಲ, ಬಾಡಿಗೆ ಮುಗಿಸಲೂ ಆಗಲ್ಲ. ವಾಪಸ್ ಬಂದು ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ನಡೆದೆ. ಅಕ್ಕ ದಿನಾ ಎರಡು ಸಲ ಅದೇ ದಾರಿ ನಡೆಯುತ್ತಾರೆ. ಬೆಳಗ್ಗೆ 6ಕ್ಕೆ ಆಫೀಸಿನ ಬೀಗ ತೆಗೆಯುವವರು ಅವರೇ.

ಅವರ ಹತ್ತಿರ ಇರುವುದು ಬಟನ್ ಫೋನ್. "ಸ್ಟ್ಯಾಂಡ್ ಹಾಕಿದ್ರೂ ನಾನ್ ಹೆಂಗ್ ತಗೊಳ್ಲಿ ಮೇಡಂ? ದುಡ್ಡು ಕೈಗೆ ಕೊಟ್ರೆ ಇಸ್ಕೋತಾರಾ?" ಅಂದರು. ಇಸ್ಕೊಳ್ಳಲ್ಲ.

ಇದು ಆಗದ ಕೆಲಸವೇನಲ್ಲ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 450 ಬಾಡಿಗೆ ಸೈಕಲ್‌ಗಳ 'ಟ್ರಿಣ್ ಟ್ರಿಣ್' ಯೋಜನೆ ಶುರುವಾದಾಗ ಕೈಗೆ ಒಂದು ಕಾರ್ಡ್ ಕೊಡುತ್ತಿದ್ದರು. ಸ್ಟ್ಯಾಂಡಿನಲ್ಲಿ ಕಾರ್ಡ್ ಹಿಡಿದರೆ ಸೈಕಲ್ ಬಿಡಿಸಿಕೊಳ್ಳಬಹುದಿತ್ತು. ಸ್ಮಾರ್ಟ್‌ಫೋನ್ ಮುಟ್ಟದ ನಮ್ಮಪ್ಪ ಆ ಕಾರ್ಡ್ ಜೇಬಲ್ಲಿಟ್ಟುಕೊಂಡು ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪು ತರುತ್ತಿದ್ದರು.

ಗಾಡಿಗೆ ಈಗಲೂ 5ಕ್ಕೆ 4. ಸೇವೆಗೆ ಮೊದಲು 4 ಕೊಟ್ಟಿದ್ದೆ, ಈಗ 2 ಮಾಡಿದ್ದೇನೆ. ಗಾಡಿಗಳು ನಿಲ್ಲುವುದು ಊರಿನ ಫುಟ್‌ಪಾತ್ ಮೇಲೆ. ಅದು ಅಕ್ಕನದೂ ಹೌದು ಅಲ್ವಾ?

ಸೇತುವೆ ಆಚೆ, ಹಾಲಿನ ಬೂತ್ ಪಕ್ಕ ಜಾಗ ಇದೆ. ಅಲ್ಲೊಂದು ಸ್ಟ್ಯಾಂಡ್ ಹಾಕಿ ಅಂತ ಆ್ಯಪಿನಲ್ಲೇ ಕೇಳಲು ಹೋದೆ. ಮ್ಯಾಪಿನಲ್ಲಿ ಜಾಗ ಗುರುತು ಮಾಡಬೇಕು. ಮೂರು ಸಲ ಪ್ರಯತ್ನಿಸಿದೆ. ಆ ಪಿನ್ ಕೆಂಪು ಗೆರೆ ದಾಟುವುದೇ ಇಲ್ಲ.