ವಾರದ ಧಾರಾವಾಹಿಯನ್ನು ನಾಲ್ವರು ಸೇರಿ ಬರೆಯಲು ಗೂಗಲ್ ಡಾಕ್ಸ್ ಹೇಗಿದೆ?

ಖೋ ಕೊಟ್ಟಂತೆ ಒಬ್ಬರ ನಂತರ ಒಬ್ಬರು ವಾರಕ್ಕೊಂದು ಕಂತು ಬರೆಯುವ ಧಾರಾವಾಹಿಗೆ ಪುಕ್ಕಟೆ ಸಾಧನ ಬೇಕೆಂದರೆ ಗೂಗಲ್ ಡಾಕ್ಸ್ ಧಾರಾಳವಾಗಿ ಸಾಕು. ಆದರೆ ಕಡತ ತೆರೆದು ಎಲ್ಲರಿಗೂ ಲಿಂಕ್ ಹಂಚಿ ಕೂತರೆ ಐದಾರು ಕಂತಿಗೇ ಕಥೆ ಗೋಜಲಾಗುತ್ತದೆ. ಮೊದಲ ದಿನವೇ ಅರ್ಧ ಗಂಟೆ ಕೂತು ಎಲ್ಲವನ್ನೂ ಜೋಡಿಸಿಕೊಳ್ಳಬೇಕು.

ಮೊದಲನೆಯದು ಅನುಮತಿ. ಆ ವಾರದ ಸರದಿಯವರಿಗೆ ಮಾತ್ರ 'ಎಡಿಟರ್', ಉಳಿದವರಿಗೆ 'ಕಾಮೆಂಟರ್'. ಕಾಮೆಂಟರ್ ಆಗಿದ್ದರೂ ಸಜೆಶನ್ ರೂಪದಲ್ಲಿ ತಿದ್ದುಪಡಿ ಸೂಚಿಸಬಹುದು. ಒಪ್ಪುವುದು, ಬಿಡುವುದು ಸರದಿಯವರ ಕೈಯಲ್ಲೇ ಇರುತ್ತದೆ. ಇಷ್ಟು ಮಾಡಿದರೆ ಅರ್ಧ ಜಗಳ ತಪ್ಪಿದಂತೆ. ಶೇರ್ ಕಿಟಕಿಯ ಸೆಟ್ಟಿಂಗ್ಸ್‌ನಲ್ಲಿ ಎಡಿಟರ್‌ಗಳು ಬೇರೆಯವರಿಗೆ ಹಂಚುವ ಅವಕಾಶವನ್ನೂ ತೆಗೆದುಬಿಡಿ.

2024ರ ಕೊನೆಯಲ್ಲಿ ಬಂದ 'ಟ್ಯಾಬ್' (ಒಂದೇ ಕಡತದೊಳಗಿನ ಬೇರೆ ಬೇರೆ ಭಾಗ) ಸೌಲಭ್ಯ ಧಾರಾವಾಹಿಗೆಂದೇ ಮಾಡಿದ ಹಾಗಿದೆ. ಒಂದು ಕಂತಿಗೆ ಒಂದು ಟ್ಯಾಬ್. ಎಲ್ಲಕ್ಕಿಂತ ಮೇಲಿನದು ಕಥೆಯ ಲೆಕ್ಕಪತ್ರಕ್ಕೆ ಮೀಸಲಿರಲಿ: ಪಾತ್ರಗಳ ಹೆಸರು, ವಯಸ್ಸು, ಯಾರು ಯಾರನ್ನು ಏನೆಂದು ಕರೆಯುತ್ತಾರೆ (ಒಂದು ಕಂತಿನಲ್ಲಿ 'ಅತ್ತೆ', ಮುಂದಿನದರಲ್ಲಿ 'ಚಿಕ್ಕಮ್ಮ' ಆಗಬಾರದು), ಕಥೆಯೊಳಗಿನ ದಿನ, ಊರು. ಪಕ್ಕದಲ್ಲಿ ಎರಡು ಅಂಕಣ: 'ಯಾರಿಗೆ ಏನು ಗೊತ್ತು' ಮತ್ತು 'ಬಿಚ್ಚದ ಗಂಟು'. ಈ ಎರಡನೆಯದನ್ನು ದಯವಿಟ್ಟು ಬಿಡಬೇಡಿ. ಸರದಿ ಬರವಣಿಗೆಯಲ್ಲಿ ಎಲ್ಲರಿಗೂ ಗಂಟು ಹಾಕುವ ಉತ್ಸಾಹ, ಬಿಚ್ಚುವ ಕೆಲಸ ಮುಂದಿನವರದು ಎಂಬ ನಂಬಿಕೆ. ಪಟ್ಟಿಯಲ್ಲಿ ನಾಲ್ಕು ಗಂಟು ಉಳಿದಿದ್ದರೆ ಐದನೆಯದು ಬೇಡ ಎಂದು ನಿಯಮವೇ ಇರಲಿ.

ಕಂತು ಪ್ರಕಟವಾದ ಕೂಡಲೇ ವರ್ಷನ್ ಹಿಸ್ಟರಿಯಲ್ಲಿ (ಕಡತದ ಹಿಂದಿನ ರೂಪಗಳ ದಾಖಲೆ) ಆ ದಿನದ ರೂಪಕ್ಕೆ 'ಕಂತು 12 ಪ್ರಕಟಿತ' ಎಂದು ಹೆಸರಿಡಿ. ಓದುಗರು ಓದಿದ್ದು ಯಾವ ರೂಪ ಎಂಬ ಪ್ರಶ್ನೆ ಬಂದಾಗ ಅದೇ ಸಾಕ್ಷಿ. ಒಂದು ಕಡತದಲ್ಲಿ ಹೀಗೆ 40 ಹೆಸರಿಗಷ್ಟೇ ಜಾಗ. ಕಡತ ಉದ್ದವಾದಷ್ಟೂ ಫೋನಿನಲ್ಲಿ ತೆರೆಯುವುದು ನಿಧಾನವಾಗುತ್ತದೆ. ಹಾಗಾಗಿ 25 ಕಂತಿಗೊಂದು ಹೊಸ ಕಡತ ಮಾಡಿಕೊಳ್ಳಿ.

ತೊಡಕಿರುವುದು ಕನ್ನಡ ಅಕ್ಷರಗಳಲ್ಲಿ. ನಾಲ್ವರು ನಾಲ್ಕು ಕೀಲಿಮಣೆ ಬಳಸುತ್ತಾರೆ. ಒಬ್ಬರು 'ಗಂಗಾ' ಎಂದು ಸರಿಯಾಗಿ ಸೊನ್ನೆ ಕೊಟ್ಟಿರುತ್ತಾರೆ, ಇನ್ನೊಬ್ಬರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿ 'ಗ೦ಗಾ' ಎಂದಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕಿದರೆ ಅರ್ಧ ಕಂತುಗಳಲ್ಲಿ ಗಂಗಾ ಸಿಗುವುದೇ ಇಲ್ಲ. ಪ್ರತಿ ಕಂತು ಮುಗಿದ ಮೇಲೆ ಕಂಟ್ರೋಲ್ ಎಚ್ ಒತ್ತಿ '೦' ಇದ್ದ ಕಡೆಯೆಲ್ಲ 'ಂ' ಮಾಡಿ. ಇಸವಿ, ವಯಸ್ಸುಗಳನ್ನು ಇಂಗ್ಲಿಷ್ ಅಂಕಿಯಲ್ಲೇ ಬರೆಯುವ ಒಪ್ಪಂದವಿದ್ದರೆ ಇದರಿಂದ ಏನೂ ಕೆಡುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಬರೀ ಕಸ ಬರುತ್ತದೆ.

ಪಾತ್ರದ ಹೆಸರು ಬದಲಿಸುವಾಗ ಇನ್ನೂ ಎಚ್ಚರ ಬೇಕು. 'ರಾಜು' ತೆಗೆದು 'ರಮೇಶ' ಹಾಕಲು ರಿಪ್ಲೇಸ್ ಆಲ್ ಒತ್ತಿದಿರೋ, 'ರಾಜುವಿನ' ಇದ್ದದ್ದು 'ರಮೇಶವಿನ' ಆಗುತ್ತದೆ, 'ರಾಜುವಿಗೆ' ಹೋಗಿ 'ರಮೇಶವಿಗೆ'. ನಮ್ಮ ವಿಭಕ್ತಿಗಳು ಹೆಸರಿನ ಕೊನೆಯ ಸ್ವರ ನೋಡಿ ರೂಪ ಬದಲಿಸುವುದರಿಂದ ಇದು ತಪ್ಪಿದ್ದಲ್ಲ. 'ರಾಜುವಿನ', 'ರಾಜುವಿಗೆ', 'ರಾಜುವನ್ನು' ಹೀಗೆ ಉದ್ದದ ರೂಪಗಳನ್ನು ಮೊದಲು ಬದಲಿಸಿ, ಬರಿಯ 'ರಾಜು'ವನ್ನು ಕೊನೆಗೆ, ಅದೂ ಒಂದೊಂದಾಗಿ ನೋಡಿ. ಇಲ್ಲದಿದ್ದರೆ 'ತರಾಜು' ಎಂಬ ಪದದೊಳಗೂ ರಮೇಶ ಹೋಗಿ ಕೂರುತ್ತಾನೆ. ಸಜೆಶನ್ ಹಾಕುವವರೂ ಅಷ್ಟೆ, ಒಂದು ಕಾಗುಣಿತ ಅಳಿಸಿ ಇನ್ನೊಂದು ಸೇರಿಸುವ ಬದಲು ಇಡೀ ಪದವನ್ನೇ ಹೊಸದಾಗಿ ಬರೆಯಬೇಕು. ಅರ್ಧ ಅಕ್ಷರದ ಮೇಲೆ ಗೆರೆ ಬಿದ್ದರೆ ಯಾರಿಗೂ ಓದಲಾಗದು.

ವಾಯ್ಸ್ ಟೈಪಿಂಗ್ ಕನ್ನಡಕ್ಕೂ ಇದೆ, ಸಂಭಾಷಣೆಯ ಮೊದಲ ಕರಡಿಗೆ ಪರವಾಗಿಲ್ಲ. ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ಕೈಯಲ್ಲೇ ಹಾಕಿಕೊಳ್ಳಬೇಕು.

ವೇಳಾಪಟ್ಟಿ ಹೀಗಿದ್ದರೆ ಒಳ್ಳೆಯದು: ಗುರುವಾರ ಪ್ರಕಟಣೆಯಾದರೆ ಸೋಮವಾರ ರಾತ್ರಿಗೆ 1,200 ಪದಗಳ ಕರಡು, ಬುಧವಾರ ಮಧ್ಯಾಹ್ನಕ್ಕೆ ಸಜೆಶನ್ ಬಂದ್, ಸಂಜೆ ಲೆಕ್ಕಪತ್ರದ ಟ್ಯಾಬ್ ತುಂಬಿ ಸರದಿ ಹಸ್ತಾಂತರ. ಓದುಗರನ್ನು ಡಾಕ್ಸ್ ತಂದುಕೊಡುವುದಿಲ್ಲ. ಪ್ರಕಟಣೆಗೆ 'ಪ್ರತಿಲಿಪಿ' ಎಂಬ ಕಥೆಗಳ ಜಾಲತಾಣದಂಥ ಜಾಗವೋ ಸ್ವಂತ ಬ್ಲಾಗೋ ಬೇಕೇ ಬೇಕು.

ಇನ್ನೊಂದು, ಕಡತ ಯಾರ ಖಾತೆಯಲ್ಲಿದೆಯೋ ಅವರು ಅದನ್ನು ಪೂರ್ತಿ ಅಳಿಸಿದರೆ ಎಲ್ಲರಿಗೂ ಹೋದ ಹಾಗೆಯೇ. ಪ್ರತಿ ಗುರುವಾರ ವರ್ಡ್ ರೂಪದಲ್ಲಿ ಒಂದು ಪ್ರತಿ ಇಳಿಸಿಕೊಳ್ಳಿ, ಕನಿಷ್ಠ ಇಬ್ಬರ ಕಂಪ್ಯೂಟರಿನಲ್ಲಿ.