ದ್ರಾಕ್ಷಿ ಸಾಲಿಗೆ ಯಾವ ಗಾಡಿ? ಟಿಲ್ಲರ್, ಟೂ-ವೀಲ್, ಫೋರ್-ವೀಲ್: ಓಡಿಸಿ ನೋಡಿದ ಹೋಲಿಕೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ತೋಟಕ್ಕೆ ಸಣ್ಣ ಗಾಡಿ ಕೊಳ್ಳುವವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. ಕೇಳಬೇಕಾದದ್ದು ಬೇರೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ಕುಡಿ ಒಡೆಯುವ ಹೊತ್ತಿಗೆ ಮಳೆ ಹೊಡೆದರೆ, ಮರುದಿನ ಬೆಳಿಗ್ಗೆ ಔಷಧ ತುಂಬಿದ ಟ್ಯಾಂಕ್ ಹೊತ್ತು ಎರೆ ಮಣ್ಣಿನ ಸಾಲಿನೊಳಗೆ ಹೋಗಿ ಈ ಗಾಡಿ ಹೊರಗೆ ಬರುತ್ತದೆಯೇ? ಡೌನಿ ಎಂಬ ಬೂಜು ರೋಗ ಹಸಿ ಎಲೆಯ ಮೇಲೆ ಕೆಲವೇ ತಾಸುಗಳಲ್ಲಿ ಒಳಹೊಗುತ್ತದೆ. ನೆಲ ಆರಲಿ ಎಂದು ಮೂರು ದಿನ ಕಾದರೆ ಹೂಗೊಂಚಲು ಕೈಬಿಟ್ಟಂತೆಯೇ ಸರಿ. ಹಾಗಾಗಿ ಎಲ್ಲ ಗಾಡಿಗಳನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ಓಡಿಸಿದ್ದು 9 ಅಡಿ ಸಾಲಿನ ವೈ ಪದ್ಧತಿಯ (ಕಂಬ ಮೇಲೆ Y ಅಕ್ಷರದಂತೆ ಕವಲೊಡೆದ) ತೋಟದಲ್ಲಿ ಮತ್ತು ಹಳೆಯ ಚಪ್ಪರದ ತೋಟದಲ್ಲಿ, ಎರಡೂ ಎರೆ ಭೂಮಿ. ಇಂಡಿ ಕಡೆಯ ಲಿಂಬೆ ತೋಟದಲ್ಲಿ ಗಿಡಕ್ಕೆ ಗಿಡಕ್ಕೆ 20 ಅಡಿ ಬಿಟ್ಟಿರುತ್ತಾರೆ, ಅಲ್ಲಿ ಮನೆಯ ದೊಡ್ಡ ಟ್ರ್ಯಾಕ್ಟರೇ ಸಾಕು.

ಮೊದಲು ಟೇಪು ಹಿಡಿಯಿರಿ. ಬುಡದಿಂದ ಬುಡಕ್ಕೆ 9 ಅಡಿ ಇದ್ದರೂ ಗಾಡಿಗೆ ಸಿಗುವ ಜಾಗ ಅಷ್ಟಲ್ಲ. ವೈ ಕಂಬದ ತೋಳು ಆಚೆ ಈಚೆ 2 ಅಡಿ ಚಾಚಿದರೆ ಚಾಲಕನ ಭುಜದ ಎತ್ತರದಲ್ಲಿ ಉಳಿಯುವುದು 5 ಅಡಿ. ಕುಡಿ ಜೋತುಬಿದ್ದ ಮೇಲೆ ಅದು 4ಕ್ಕೆ ಇಳಿಯುತ್ತದೆ. ಆದ್ದರಿಂದ ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಮೂರೂವರೆ ಅಡಿಯ ಆಸುಪಾಸಿನ ಗಾಡಿಯನ್ನೇ ಹುಡುಕಬೇಕು. ಚಪ್ಪರದ ತೋಟದಲ್ಲಿ ಕಂಬದ ಹತ್ತಿರ ಎತ್ತರ ಅಳೆದು ಮೋಸ ಹೋಗಬೇಡಿ. ಎರಡು ಕಂಬಗಳ ನಡುವೆ, ಅದೂ ಕಾಯಿ ತೂಕಕ್ಕೆ ತಂತಿ ಬಾಗಿರುವ ಜನವರಿಯಲ್ಲಿ ಅಳೆಯಿರಿ. ಮೇಲಕ್ಕೆ ನಿಂತ ಸೈಲೆನ್ಸರ್ ಇದ್ದರೆ ತಂತಿಗೆ ತಾಗುತ್ತದೆ, ಇಲ್ಲವೇ ಮೇಲಿನ ಎಲೆ ಸುಡುತ್ತದೆ. ಬಾನೆಟ್ಟಿನ ಕೆಳಗೆ ಹೊಗೆ ಬಿಡುವ ಸೈಲೆನ್ಸರ್ ಕೇಳಿ ಹಾಕಿಸಿಕೊಳ್ಳಿ.

ಎಲ್ಲರೂ ಮರೆಯುವ ಅಳತೆ ಸಾಲಿನ ತುದಿಯದು. ಕೊನೆಯ ಕಂಬವನ್ನು ಹಿಡಿದು ನಿಲ್ಲಿಸಿದ ಎಳೆತಂತಿ ನಾಲ್ಕೈದು ಅಡಿ ಹೊರಗೆ ಬಂದು ನೆಲ ಸೇರಿರುತ್ತದೆ. ತಿರುವಿನ ಜಾಗವನ್ನು ಆ ತಂತಿಯ ಗೂಟದಿಂದ ಬದುವಿನವರೆಗೆ ಲೆಕ್ಕ ಹಾಕಬೇಕು, ಕಂಬದಿಂದಲ್ಲ. ಗಾಡಿಯೇ ಬೆನ್ನಿಗೆ ಹೊತ್ತ ಬ್ಲೋವರ್ (ಫ್ಯಾನಿನ ಗಾಳಿಯಿಂದ ಔಷಧ ಸಿಂಪಡಿಸುವ ಯಂತ್ರ) ಇದ್ದರೆ 12 ಅಡಿಯಲ್ಲಿ ಹೇಗಾದರೂ ತಿರುಗಿಸಬಹುದು. ಹಿಂದೆ ಎಳೆಯುವ 600 ಲೀಟರಿನ ಬ್ಲೋವರಿಗೆ 16-18 ಅಡಿ ಬೇಕು. ಅಷ್ಟಿಲ್ಲದ ತೋಟದಲ್ಲಿ ಒಂದು ಸಾಲು ಬಿಟ್ಟು ಮುಂದಿನ ಸಾಲಿಗೆ ಹೊಗುವುದೇ ದಾರಿ.

ಈಗ ಗಾಡಿಗಳು. ಪವರ್ ವೀಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 5-7 ಎಚ್‌ಪಿಯ ಈ ಯಂತ್ರ ಬುಡದ ಸುತ್ತ ಕಳೆ ತೆಗೆಯಲು ಒಳ್ಳೆಯದು. ಒಣಗಿ ಬಿರುಕುಬಿಟ್ಟ ಎರೆ ಹೊಲದಲ್ಲಿ ಮಾತ್ರ ಹೆಂಟೆಯ ಮೇಲೆ ಜಿಗಿಯುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಔಷಧ ಸಿಂಪಡಣೆಯ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ.

ಪವರ್ ಟಿಲ್ಲರ್ ಎಂದರೆ ನಮ್ಮ ಕಡೆ ಹೆಚ್ಚಾಗಿ ವಿಎಸ್‌ಟಿ ಶಕ್ತಿ 130 ಡಿಐ ದರ್ಜೆಯದು: 13 ಎಚ್‌ಪಿ, ಒಂದೇ ಸಿಲಿಂಡರ್, ಸುಮಾರು 400 ಕಿಲೋ ತೂಕ. ಎರಡು ಅಡಿ ಅಗಲದ ರೋಟರ್ (ಮಣ್ಣು ಕಲಕುವ ತಿರುಗು ಬ್ಲೇಡು) ಸಾಲಿನಲ್ಲಿ ಮೂರು ಸಲ ಹೋದರೆ ನಡುವಿನ ಕಳೆ ಪೂರ್ತಿ ಹೋಗುತ್ತದೆ. ತಾಸಿಗೆ ಒಂದೂವರೆಯಿಂದ ಎರಡು ಲೀಟರ್ ಡೀಸೆಲ್. ಎಲ್ಲಕ್ಕಿಂತ ಇಕ್ಕಟ್ಟಿನಲ್ಲಿ ತಿರುಗುವುದೂ ಇದೇ. ತೊಂದರೆ ನಡೆಸುವವನಿಗೆ: ಹಸಿ ಎರೆಯಲ್ಲಿ ಯಂತ್ರದ ಹಿಂದೆ ಮೊಣಕಾಲುದ್ದ ಕೆಸರು ತುಳಿಯುತ್ತ ಹಿಡಿಯ ನಡುಕ ತಡೆದುಕೊಳ್ಳಬೇಕು, ಒಂದು ದಿನಕ್ಕೆ ಎರಡು ಎಕರೆಯ ಮೇಲೆ ಯಾರಿಂದಲೂ ಆಗದು. ಕೆಸರು ಸಿಡಿದು ವಿ-ಬೆಲ್ಟ್ ಜಾರುತ್ತದೆ, ಹಾಗಾಗಿ ಬೆಲ್ಟಿನ ಬಿಗಿ ದಿನವೂ ನೋಡಬೇಕು. ಇಳಿಜಾರಿನಲ್ಲಿ ಇನ್ನೊಂದು ಅಪಾಯವಿದೆ. ಸಮನೆಲದಲ್ಲಿ ಎಡಗಡೆಯ ಕ್ಲಚ್ ಒತ್ತಿದರೆ ಎಡಕ್ಕೆ ತಿರುಗುವ ಟಿಲ್ಲರ್, ಇಳಿಯುವಾಗ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಎಂಜಿನ್ನೇ ಗಾಲಿಯನ್ನು ತಡೆದು ಹಿಡಿದಿರುತ್ತದೆ. ಕ್ಲಚ್ ಒತ್ತಿದ ಕಡೆಯ ಗಾಲಿ ಮುಕ್ತವಾಗಿ ಮುಂದೆ ಓಡುತ್ತದೆ. ಹೊಸ ಆಳಿಗೆ ಇದನ್ನು ಮೊದಲೇ ತೋರಿಸಿಕೊಡಿ.

ಟಿಲ್ಲರಿಗೆ ಎಚ್‌ಟಿಪಿ ಪಂಪ್ (ಜೋರು ಒತ್ತಡದ ಸಿಂಪಡಣೆ ಪಂಪ್) ಕಟ್ಟಿ, ಪೈಪ್ ಎಳೆದು, ಗನ್ನಿನಿಂದ ಹೊಡೆಯಬಹುದು. ಮೂರು ಆಳು ಬೇಕು, ಎಕರೆಗೆ ಒಂದೂವರೆ ತಾಸು ಹಿಡಿಯುತ್ತದೆ. ಆದರೆ ಗಾಡಿ ಕೆಸರಿಗೆ ಇಳಿಯದೆ ದಾರಿಯ ಮೇಲೇ ನಿಂತಿರುತ್ತದೆ. ಎರಡು ಎಕರೆಯವರೆಗಿನ ತೋಟಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ಖಾತ್ರಿಯ ಏರ್ಪಾಡು ಇನ್ನೊಂದಿಲ್ಲ.

ಟೂ-ವೀಲ್, ಅಂದರೆ ಹಿಂದಿನ ಎರಡೇ ಗಾಲಿಗೆ ಎಂಜಿನ್ ಶಕ್ತಿ ಹೋಗುವ ತೋಟದ ಟ್ರ್ಯಾಕ್ಟರಿಗೆ ಉದಾಹರಣೆ ಸ್ವರಾಜ್ 724 ಎಕ್ಸ್‌ಎಂ ಆರ್ಚರ್ಡ್: 25 ಎಚ್‌ಪಿ, 2 ಸಿಲಿಂಡರ್. ಈ ದರ್ಜೆಯ ಗಾಡಿಗಳು ಸಾವಿರ ಕಿಲೋ ದಾಟುತ್ತವೆ. ಗಟ್ಟಿಮುಟ್ಟಾದ ಸರಳ ಎಂಜಿನ್, ಹಳ್ಳಿಯ ಯಾವ ಮೇಸ್ತ್ರಿಯಾದರೂ ಬಿಚ್ಚಿ ಕೂಡಿಸಬಲ್ಲ. ಟ್ರೇಲರಿಗೆ ಗೊಬ್ಬರ ತುಂಬಿ ಎಳೆಯುವುದರಲ್ಲಿ, ಬ್ಲೋವರಿನ ಫ್ಯಾನ್ ತಿರುಗಿಸುವುದರಲ್ಲಿ ಎರಡು ಮಾತಿಲ್ಲ. ಮಸಾರಿ (ಕೆಂಪು ಮಣ್ಣಿನ) ನೆಲದ, 10 ಅಡಿ ಸಾಲಿನ ತೋಟಕ್ಕೆ ಇದನ್ನೇ ಕೊಳ್ಳಿ ಎನ್ನುತ್ತೇವೆ. ಎರೆಯಲ್ಲಿ ಮಳೆಯ ಮರುದಿನ ಮಾತ್ರ ಹಿಂದಿನ ಗಾಲಿ ಸುತ್ತಿದಲ್ಲೇ ಸುತ್ತುತ್ತದೆ. ಎರಡೂ ಹಿಂಗಾಲಿ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಹಾಕಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ತಿರುಗುವುದಿಲ್ಲ. ಮುಂದಿನ ಸಣ್ಣ ಗಾಲಿ ಕೆಸರಿನಲ್ಲಿ ಹೂತು ಜಾರುವುದರಿಂದ ಸಾಲಿನ ತುದಿಯಲ್ಲಿ ಗಾಡಿ ಎಳೆತಂತಿಗೆ ಹೋಗಿ ಹಾಯುತ್ತದೆ.

ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಫೋರ್-ವೀಲ್ ಮಿನಿ ಟ್ರ್ಯಾಕ್ಟರ್ ಗೆಲ್ಲುವುದು ಅಲ್ಲಿಯೇ. ಕುಬೋಟಾ ನಿಯೋಸ್ಟಾರ್ ಬಿ2441 ಮತ್ತು ಮಹೀಂದ್ರಾ ಜಿವೋ 245 ಡಿಐ ಎರಡೂ 24 ಎಚ್‌ಪಿ, ಹಿಂದೆ ಉಪಕರಣ ಎತ್ತುವ ಲಿಫ್ಟಿನ ಸಾಮರ್ಥ್ಯ ಎರಡರದೂ 750 ಕಿಲೋ. ಮೊದಲನೆಯದಕ್ಕೆ 3 ಸಿಲಿಂಡರ್: ನಡುಕ ಕಡಿಮೆ, ಆದರೆ ಆರ್‌ಪಿಎಂ ಏರಿಸಿ ಇಟ್ಟರೇ ಶಕ್ತಿ. ಎರಡನೆಯದಕ್ಕೆ 2 ಸಿಲಿಂಡರ್: ಸದ್ದು ಜಾಸ್ತಿ, ಕಡಿಮೆ ಆರ್‌ಪಿಎಂನಲ್ಲೂ ರೋಟರ್ ಬಿಡದೆ ಎಳೆಯುತ್ತದೆ. ಸಿಂಪಡಣೆಯೇ ಮುಖ್ಯವಾದವರಿಗೆ ಮೊದಲನೆಯ ಗುಣ ಹಿತ, ನೆಲದ ಕೆಲಸ ಹೆಚ್ಚಿರುವವರಿಗೆ ಎರಡನೆಯದು. ಇಂಥ ಹಗುರ ಗಾಡಿಯಿಂದ ಗಾಲಿಜಾಡಿನ ಮಣ್ಣು ಬಿಗಿಯುವುದೂ ಕಡಿಮೆ. ಚಾಟ್ನಿಯಿಂದ ಕೊಯ್ಲಿನವರೆಗೆ ಅದೇ ಜಾಡಿನಲ್ಲಿ ಮತ್ತೆ ಮತ್ತೆ ಓಡಾಡುವ ತೋಟದಲ್ಲಿ ಬೇರಿಗೆ ಇದು ದೊಡ್ಡ ಉಪಕಾರ.

ಹಗುರವಾದದ್ದೇ ಇದರ ದೌರ್ಬಲ್ಯವೂ ಹೌದು. 300 ಲೀಟರ್ ನೀರು ಎಂದರೆ 300 ಕಿಲೋ. ಮೇಲೆ ಪಂಪು, ಫ್ಯಾನಿನ ತೂಕ. ಲಿಫ್ಟ್ ಎತ್ತುತ್ತದೆ ನಿಜ, ಆದರೆ ಮೂತಿ ಹಗುರಾಗಿ ಮುಂದಿನ ಗಾಲಿ ನೆಲ ಬಿಡುತ್ತದೆ. ನೆಲ ಬಿಟ್ಟ ಗಾಲಿಗೆ ಶಕ್ತಿ ಹರಿದರೇನು ಬಂತು, ಫೋರ್-ವೀಲ್ ಇದ್ದೂ ಇಲ್ಲದಂತೆ. 200 ಲೀಟರಿನ ಟ್ಯಾಂಕ್ ಇಟ್ಟು, ಮುಂದೆ 40-60 ಕಿಲೋ ತೂಕದ ಬಿಲ್ಲೆ ಕಟ್ಟಿದರೆ ಹಸಿ ಎರೆಯಲ್ಲೂ ನಂಬಬಹುದು. ಎಕರೆಗೆ ಎರಡು ಸಲ ನೀರು ತುಂಬುವ ಬೇಸರ ಸಹಿಸಿಕೊಳ್ಳಿ. 600 ಲೀಟರಿನದನ್ನು ಎಳೆಯುವುದು ಒಣ ನೆಲಕ್ಕೆ ಮಾತ್ರ. ಕೆಸರಿನಲ್ಲಿ ಅದು ಹಿಂದಿನಿಂದ ಗಾಡಿಯನ್ನೇ ತಳ್ಳುತ್ತದೆ.

ನಾಝಲ್ ಲೆಕ್ಕ ಮಾಡದೆ ಬ್ಲೋವರ್ ಕೊಳ್ಳಬೇಡಿ. 9 ಅಡಿ ಸಾಲಿನಲ್ಲಿ ಒಂದು ಎಕರೆಗೆ ಗಾಡಿ ಓಡುವ ದೂರ ಸುಮಾರು 1,475 ಮೀಟರ್. ತಾಸಿಗೆ 4 ಕಿ.ಮೀ. ವೇಗದಲ್ಲಿ 22 ನಿಮಿಷ, ತಿರುವು ಬಿಟ್ಟು. ಎಕರೆಗೆ 400 ಲೀಟರ್ ಬೀಳಬೇಕಾದರೆ ಎಲ್ಲ ನಾಝಲ್ ಸೇರಿ ನಿಮಿಷಕ್ಕೆ 18 ಲೀಟರ್ ಬಿಡಬೇಕು. 300 ಲೀಟರ್ ಸಾಕೆಂದರೆ ಹದಿಮೂರೂವರೆ. ಪ್ರತಿ ನಾಝಲ್ ಕೆಳಗೆ ಬಕೆಟ್ ಹಿಡಿದು ಒಂದು ನಿಮಿಷ ಅಳೆದರೆ ಯಾವುದು ಸವೆದಿದೆ ಎಂಬುದೂ ಗೊತ್ತಾಗುತ್ತದೆ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒಗೆ (ಪಂಪು, ರೋಟರ್ ತಿರುಗಿಸುವ ಹಿಂದಿನ ದಂಡಕ್ಕೆ) ಎರಡು ವೇಗ ಇರುವುದು ಸಾಮಾನ್ಯ. 540 ಆರ್‌ಪಿಎಂಗೆಂದು ಮಾಡಿದ ಪಂಪನ್ನು ಮರೆತು ಮೇಲಿನ ವೇಗಕ್ಕೆ ಹಾಕಿದರೆ ಸೀಲು, ಬೆಲ್ಟು ಹೋಗುತ್ತವೆ. ಲಿವರಿನ ಬದಿಗೆ ಬಣ್ಣ ಬಳಿದು ಗುರುತು ಮಾಡಿ.

ರೋಟರಿನ ಮಾತು. 24 ಎಚ್‌ಪಿಗೆ ಮೂರು ಅಡಿ ಅಗಲದ್ದು ಸರಿ. ಬುಡದ ಹತ್ತಿರ 4 ಇಂಚಿಗಿಂತ ಕೆಳಗೆ ಇಳಿಸಬೇಡಿ, ಉಣ್ಣುವ ಬೇರು ಮೇಲೆಯೇ ಇರುತ್ತದೆ. ಡ್ರಿಪ್ ಪೈಪನ್ನು ನೆಲದಿಂದ ಒಂದೂವರೆ ಅಡಿ ಮೇಲೆ ತಂತಿಗೆ ಕಟ್ಟಿರಬೇಕು, ಇಲ್ಲದಿದ್ದರೆ ಮೊದಲ ಸಾಲಿನಲ್ಲೇ ರೋಟರಿಗೆ ಸುತ್ತಿಕೊಳ್ಳುತ್ತದೆ. ಹಸಿ ಎರೆಯಲ್ಲಿ ರೋಟರ್ ಹೊಡೆದರೆ ಕೆಳಪದರ ಸಾರಿಸಿದಂತೆ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಮಣ್ಣು ಬೆರಳು ತಾಗಿಸಿದರೆ ಉದುರಬೇಕು. ಅದೇ ಹದ.

ಫೋರ್-ವೀಲ್ ಕೊಂಡವರು ಮುಂದಿನ ಆಕ್ಸಲ್ ಮೇಲೆ ಕಣ್ಣಿಡಬೇಕು. ಕಳೆ, ಸುತಳಿ, ತಂತಿ ತುಣುಕು ಸುತ್ತಿ ಆಯಿಲ್ ಸೀಲ್ ಕೊರೆಯುತ್ತವೆ. ಎಣ್ಣೆ ಸೋರಿ ನೀರು ಒಳಹೊಕ್ಕರೆ ಗೇರು ಹಾಳು. ಡಾಂಬರು ರಸ್ತೆ ಹತ್ತುವ ಮುನ್ನ ಫೋರ್-ವೀಲ್ ಲಿವರ್ ಬಿಡಿಸಿ. ಮುಂದಿನ ಗಾಲಿ ತುಸು ಜೋರಾಗಿ ತಿರುಗುವಂತೆ ಮಾಡಿರುವುದರಿಂದ ಗಟ್ಟಿ ನೆಲದಲ್ಲಿ ಟೈರು ಸವೆದು ಗೇರಿಗೆ ಒತ್ತಡ ಬೀಳುತ್ತದೆ. ಅದೇ ಕಾರಣಕ್ಕೆ ಟೈರ್ ಬದಲಿಸುವಾಗ ಕಂಪನಿ ಹೇಳಿದ ಅಳತೆಯನ್ನೇ ಹಾಕಿಸಿ. ಮೇ ತಿಂಗಳ ಬಿಸಿಲಲ್ಲಿ ರೋಟರ್ ಧೂಳು ರೇಡಿಯೇಟರ್ ಜಾಲರಿ ಮುಚ್ಚುತ್ತದೆ, ಸಂಜೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ತಾಮ್ರ, ಗಂಧಕದ ಔಷಧ ರಿಮ್ ತಿನ್ನುವುದರಿಂದ ಸಿಂಪಡಣೆಯ ದಿನವೇ ಗಾಡಿ ತೊಳೆಯಬೇಕು.

ದರ ಕೇಳುವಾಗ ಹಳೆಯ ಕೊಟೇಶನ್ ನಂಬಬೇಡಿ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಸಹಾಯಧನ ಬೇಕಿದ್ದರೆ ಖರೀದಿಗೆ ಮುಂಚೆಯೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಡೆಮೊ ಗಾಡಿಯನ್ನು ಷೋರೂಮಿನ ಅಂಗಳದಲ್ಲಿ ನೋಡಿ ಒಪ್ಪಬೇಡಿ. ನಿಮ್ಮ ತೋಟದ ಅತಿ ಇಕ್ಕಟ್ಟಿನ ಸಾಲಿಗೆ, ನೀರು ಬಿಟ್ಟು ಹಸಿ ಮಾಡಿದ ನೆಲಕ್ಕೆ, ಟ್ಯಾಂಕ್ ತುಂಬಿಸಿ ಇಳಿಸಲು ಹೇಳಿ. ಓಡಿಸುವವನು ಡೀಲರನ ಮನುಷ್ಯನಲ್ಲ, ನಿಮ್ಮ ತೋಟದ ಆಳೇ ಆಗಿರಲಿ.